ಹಡಗಿಗೆ ಕಾದ ಬಾಳೆಕಾಯಿ

ಮೊನ್ನೆ ಹೊಸಪೇಟೆಯಲ್ಲಿ ಪರಿಚಯದವರ ಮನೆಯ ಪೂಜೆಗೆ ಹೋಗಿದ್ದೆ. ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿಟ್ಟಿದ್ದರು. ಹೊಗೆ, ಹಣ್ಣಿನ ವಾಸನೆ ಎರಡೂ ಒಂದಾಗಿ ಮೂಗಿಗೆ ಬಡಿದದ್ದೇ ತಡ, ಮಂತ್ರ ಕಿವಿಗೆ ಬೀಳದಾಯಿತು. ಕಣ್ಣೆದುರು ಕಮಲಾಪುರದ ನಮ್ಮ ಓಣಿ... ಎದುರುಮನೆ ಮಾವ.

ನಾನಾಗ ಆ ಓಣಿಗೆ ಹೊಸ ಸೊಸೆ. ಮಾವ ಎಂದು ಕರೆಯುತ್ತಿದ್ದೆನೇ ಹೊರತು ನೆಂಟಸ್ತನವೇನೂ ಇರಲಿಲ್ಲ. ಬಾಳೆ ಬೆಳೆಯುತ್ತಿದ್ದರು. ಸಮುದ್ರವನ್ನೇ ಕಾಣದ ಮನುಷ್ಯನಿಗೆ ತಮ್ಮ ತೋಟದ ಕಾಯಿ ಹಡಗು ಹತ್ತಿ ಅರಬ್ ದೇಶಕ್ಕೆ ಹೋಗಬೇಕೆಂಬ ಆಸೆ. "ಅಲ್ಲಿ ಮಂದಿ ತಿಂದು ಏನಂತಾರ, ಅದೊಂದು ಕೇಳಬೇಕವ್ವಾ" ಎನ್ನುತ್ತಿದ್ದರು. ಅಂತೂ ಒಬ್ಬ ವ್ಯಾಪಾರಿ ಒಪ್ಪಿದ. ಹಸಿರು ಕಾಯಿ ಕೊಯ್ದು, ತೊಳೆದು, ಪೆಟ್ಟಿಗೆ ತುಂಬಿಸಿ ಪಡಸಾಲೆಯಲ್ಲಿಟ್ಟರು. ಅಷ್ಟರಲ್ಲಿ ಆ ಕಡೆ ಯುದ್ಧ ಹತ್ತಿಕೊಂಡಿತು. ಹಡಗು ಬಂದರು ಬಿಟ್ಟು ಕದಲುತ್ತಿಲ್ಲ, ಸ್ವಲ್ಪ ತಡೆಯಿರಿ ಎಂದು ವ್ಯಾಪಾರಿಯ ಫೋನು ಬಂತು.

ಕಾಯಿ ತಡೆಯಬೇಕಲ್ಲ! ಹಣ್ಣಾದರೆ ಹಡಗಿಗೆ ಹಾಕುವಂತಿಲ್ಲ. ನಮ್ಮ ಕಡೆ ಬಾಳೆ ಹಣ್ಣು ಮಾಡುವುದೇ ಹೊಗೆ ಹಾಕಿ. ಮಾವನಿಗೆ ಹೊಗೆಯೆಂದರೆ ಜೀವ ಹಾರುವಷ್ಟು ಭಯ ಹತ್ತಿತು. ಅವರ ಮನೆಯಲ್ಲಿ ಊದಿನಕಡ್ಡಿ ಬಂದ್ ಆಯಿತು. ಆಮೇಲೆ ಓಣಿಯ ಮನೆಮನೆಗೆ ಬಂದು ಕೈಮುಗಿದರು. "ಹಡಗು ಬಿಡೋತನಕ ಬಚ್ಚಲ ಒಲಿ ಹಚ್ಚಬ್ಯಾಡ್ರಿ."

"ಎಲ್ಲೋ ಅವ್ರು ಬಡದಾಡಿದ್ರ ನಾವ್ಯಾಕ ತಣ್ಣೀರು ಸುರಕೋಬೇಕು?" ಎಂದು ನಮ್ಮತ್ತೆ ರೇಗಿದರು. ಬೈಯುತ್ತಲೇ ತಣ್ಣೀರಲ್ಲಿ ಮಿಂದರು. ಚಳಿಗಾಲ ಬೇರೆ, ಅಯ್ಯೋ ಶಿವನೇ! ಆದರೂ ಯಾರೂ ಒಲೆ ಹಚ್ಚಲಿಲ್ಲ. ಹೊಗೆಯಿಲ್ಲದ ಆ ಬೆಳಗುಗಳು ಎಷ್ಟು ತಿಳಿಯಾಗಿದ್ದವು... ದೂರದ ಗುಡ್ಡದ ಬಂಡೆಗಳು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿದ್ದವು. ಆ ತಿಳಿಬೆಳಕಿನಲ್ಲಿ ಓಣಿಯೇ ಮೆಲ್ಲಗೆ ಎಲ್ಲಿಗೋ ತೇಲಿ ಹೊರಟಂತೆ ನನಗೆ ಅನಿಸುತ್ತಿತ್ತು. ಮಾವ ಬಾಗಿಲಲ್ಲಿ ಕೂತು ಫೋನಿಗೆ ಕಿವಿಗೊಟ್ಟಿರುತ್ತಿದ್ದರು.

ಒಂದು ಬೆಳಿಗ್ಗೆ ಎದ್ದರೆ ಓಣಿಯ ತುಂಬ ಘಮಘಮ. ಯಾರ ಮಾತೂ ಕೇಳದೆ ಕಾಯಿ ಹಣ್ಣಾಗಿಬಿಟ್ಟಿತ್ತು. ಮಾವ ಬುಟ್ಟಿ ಹೊತ್ತು ಮನೆಮನೆಗೆ ಹಂಚಿದರು. ನಮ್ಮತ್ತೆ ಒಂದು ಸುಲಿದು ಬಾಯಿಗಿಟ್ಟು, "ಭಾಳ ಚಲೋ ಅದಾವ್ರಿ ಅಣ್ಣಾರ... ಸಕ್ರಿ, ಬರೀ ಸಕ್ರಿ" ಎಂದರು.

"ಹೌದಾ?" ಎಂದ ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಮುಖ ಒರೆಸಿಕೊಂಡು, "ಇನ್ನ ಒಲಿ ಹಚ್ಚಕೋರಿ" ಎಂದು ಹೊರಟುಹೋದರು. ನನಗೆ ಅಳು ತಡೆಯಲಾಗಲಿಲ್ಲ.

ಆ ಯುದ್ಧ ಮುಗಿಯಿತು, ಹಡಗುಗಳು ಹೊರಟವು. ವ್ಯಾಪಾರಿ ಮಾತ್ರ ಮತ್ತೆ ಬರಲಿಲ್ಲ. ಈಗಲೂ ಟೀವಿಯಲ್ಲಿ ಎಲ್ಲೋ ಯುದ್ಧದಿಂದಾಗಿ ಹಡಗು ನಿಂತಿತೆಂದು ಕೇಳಿದರೆ, ಯಾರ ಪಡಸಾಲೆಯಲ್ಲಿ ಏನು ಕಾಯುತ್ತಿದೆಯೋ ಎಂದುಕೊಳ್ಳುತ್ತೇನೆ. ಮಾವನ ತೋಟದ ಒಂದು ಕಾಯಿಯೂ ಸಮುದ್ರ ಕಾಣಲಿಲ್ಲ. ಅವರೂ ಕಾಣದೆಯೇ ಹೋದರು.