ನೀರಿನಲ್ಲಿಟ್ಟ ಇಂಧನ ಮತ್ತು ನಮ್ಮ ರೇಮಂಡ್

ನಮ್ಮ ರೇಮಂಡ್ ನಿವೃತ್ತರಾಗಿ ಮಂಗಳೂರಿನ ಪಡೀಲಿನ ಮನೆಗೆ ಬಂದ ಮೇಲೆ ಮಾಡುತ್ತಿರುವ ಕೆಲಸವೆಂದರೆ ಸಿಟೌಟಿನಲ್ಲಿ ಕುಳಿತುಕೊಳ್ಳುವುದು. ಕೈಯಲ್ಲಿ ಪೇಪರ್ ಇರುತ್ತದೆ, ಓದುವುದಿಲ್ಲ. "ಎಂತ ಆಯ್ತು ನಿಮಗೆ?" ಎಂದು ಕೇಳಿದರೆ "ಎಂತದೂ ಇಲ್ಲ, ಸಾಕಾಯ್ತು" ಎನ್ನುತ್ತಾರೆ. ಸಾಕಾದದ್ದು ಯಾವುದು ಎಂದು ಕೇಳುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ಹೆಂಡತಿಯಾದ ನನಗೂ ಸಾಕಾಗಿದೆ, ಮಾರಾಯ್ರೆ. ಅದನ್ನು ಕೇಳುವವರು ಯಾರು?

ನಾನು ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಅವರು ದೂರದ ಅಣುಸ್ಥಾವರದಲ್ಲಿ. ರಜೆ ಸಿಕ್ಕಿದಾಗ ರೈಲಿನಲ್ಲಿ ಬರುತ್ತಿದ್ದರು, ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಹೊರಡುತ್ತಿದ್ದರು. ಮಗಳು ಗ್ಲೆನಿಟಾ ಸಣ್ಣವಳಿದ್ದಾಗ, ಇದು ಯಾರಪ್ಪಾ ಎಂಬಂತೆ ಅವರನ್ನು ನೋಡಿ ನನ್ನ ನೈಟಿಯ ಹಿಂದೆ ಅಡಗುತ್ತಿದ್ದಳು. ವಿಕಿರಣ, ಗಿಕಿರಣ ಎಂದು ಜನ ಹೆದರುತ್ತಾರಲ್ಲ, ನನಗೆ ಆ ಹೆದರಿಕೆ ಇರಲಿಲ್ಲ. ಆ ಸ್ಥಾವರದ ಮೇಲೆ ನನಗಿದ್ದದ್ದು ಸವತಿಯ ಮೇಲಿನ ಸಿಟ್ಟು.

ಅವರ ಕೆಲಸ ಉರಿದ ಇಂಧನವನ್ನು ನೋಡಿಕೊಳ್ಳುವುದು. ಯುರೇನಿಯಂ ತುಂಬಿದ ಕೊಳವೆಗಳ ಕಟ್ಟು ರಿಯಾಕ್ಟರಿನಲ್ಲಿ ಉರಿದು ಮುಗಿದ ಮೇಲೆ ಯಂತ್ರವೇ ಅದನ್ನು ಹೊರಗೆ ತಂದು ಆಳವಾದ ನೀರಿನ ಕೊಳಕ್ಕೆ ಇಳಿಸುತ್ತದಂತೆ. ಮನುಷ್ಯರು ಕೈಯಿಂದ ಮುಟ್ಟುವಂತಿಲ್ಲ. ವರ್ಷಗಟ್ಟಲೆ ಅದು ನೀರಿನಲ್ಲೇ ತಣಿಯಬೇಕು. ಆ ನೀರು ಇಳಿಯದಂತೆ, ಕೆಡದಂತೆ, ಬಿಸಿಯೇರದಂತೆ ಕಾಯುವುದು ಇವರ ಪಾಳಿ. "ಬಾವಾ, ಕೆರೆ ಕಾಯ್ಲಿಕ್ಕೆ ನಿಮಗೆ ಅಷ್ಟು ಸಂಬಳವಾ?" ಎಂದು ನನ್ನ ತಮ್ಮ ತಮಾಷೆ ಮಾಡುತ್ತಿದ್ದ.

ಆಗ ರೇಮಂಡಿಗೆ ಮಾತಿತ್ತು. "ತುದಿ ಮಾತ್ರ ಸುಟ್ಟ ಸೌದೆಯನ್ನು ಯಾರಾದ್ರೂ ಬಿಸಾಡ್ತಾರಾ? ಈ ಕಟ್ಟಿನಲ್ಲಿ ನೂರರಲ್ಲಿ ಒಂದು ಪಾಲೂ ಸರಿಯಾಗಿ ಉರಿದಿಲ್ಲ. ಇದನ್ನು ಕರಗಿಸಿ, ಬೇಕಾದ್ದನ್ನು ಬೇರೆ ಮಾಡಿ, ಇನ್ನೊಂದು ನಮೂನೆಯ ರಿಯಾಕ್ಟರಿಗೆ ಹಾಕ್ಲಿಕ್ಕುಂಟು. ಆಮೇಲೆ ಕಡಲ ಮರಳಿನ ಥೋರಿಯಂ ಉಂಟು. ಮೊಮ್ಮಕ್ಕಳ ಕಾಲಕ್ಕೂ ಕರೆಂಟಿಗೆ ತೊಂದರೆ ಇಲ್ಲ" ಎಂದು ಊಟದ ಮೇಜಿನಲ್ಲಿ ಪಾಠ ಮಾಡುತ್ತಿದ್ದರು. ಆ ಇನ್ನೊಂದು ನಮೂನೆಯ ರಿಯಾಕ್ಟರು ಬರುವ ವರ್ಷ, ಅದರ ಮುಂದಿನ ವರ್ಷ ಎನ್ನುತ್ತ ಎನ್ನುತ್ತ ಇವರ ತಲೆ ನರೆಯಿತು. ಕಾದು ಕಾದು ಪಾಠವೂ ನಿಂತಿತು. ಈಗ ಚರ್ಚಿನ ಅಂಗಳದಲ್ಲಿ ಯಾರಾದರೂ "ರೇಮಂಡ್ ಬಾಬ್, ಅಣು ಕರೆಂಟ್ ಒಳ್ಳೆಯದಾ, ಕೆಟ್ಟದ್ದಾ?" ಎಂದು ಕೇಳಿದರೆ "ಪೂಜೆಗೆ ಲೇಟಾಯ್ತು" ಎಂದು ಜಾರಿಕೊಳ್ಳುತ್ತಾರೆ.

ಹೀಗಿರುವಾಗ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿದ ಗ್ಲೆನಿಟಾ ಒಂದು ದಿನ ಅಡುಗೆಮನೆಗೆ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಮಮ್ಮಿ, ನನಗೆ ಕೆಲಸ ಆಯ್ತು. ಉರಿದ ಇಂಧನವನ್ನು ಕರಗಿಸಿ ಮತ್ತೆ ಬಳಸುವ ಹಾಗೆ ಮಾಡ್ತಾರಲ್ಲ, ಅಲ್ಲಿಗೆ. ತಮಿಳುನಾಡಿನಲ್ಲಿ. ಪಪ್ಪನಿಗೆ ಈಗ ಹೇಳ್ಬೇಡ. ಶನಿವಾರದ ಸಭೆ ಮುಗಿಯಲಿ, ನಾನೇ ಹೇಳ್ತೇನೆ. ಎಷ್ಟು ಖುಷಿ ಆಗ್ಬಹುದು ಅವರಿಗೆ!"

ಗಂಡನನ್ನು ನುಂಗಿದ್ದು ಸಾಲದೆ ಇದಕ್ಕೆ ಮಗಳೂ ಬೇಕಾ? ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು, ಅವರು ಒಮ್ಮೆ ಬೇಡ ಅನ್ನಲಿ ಎಂದು ಒಲೆಯ ಮುಂದೆಯೇ ಪ್ರಾರ್ಥಿಸಿದೆ. ಅಪ್ಪ ಬೇಡ ಎಂದರೆ ಅವಳು ಹೋಗುವವಳಲ್ಲ. ನಾನು ಬೇಡ ಎಂದರೆ ಹಟ ಹೆಚ್ಚಾಗುತ್ತದೆ, ಅದೂ ಗೊತ್ತು. ಆದ್ದರಿಂದ ಬಾಯಿ ಮುಚ್ಚಿಕೊಂಡು "ದೇವರು ಒಳ್ಳೆಯದು ಮಾಡಲಿ" ಎಂದೆ.

ಶನಿವಾರದ ಸಭೆ ಎಂದರೆ ಕಾಲೇಜೊಂದರಲ್ಲಿ ಅಣುವಿದ್ಯುತ್ತಿನ ಮುಂದಿನ ದಾರಿಯ ಬಗ್ಗೆ ಚರ್ಚೆ. ಒಲ್ಲೆ ಒಲ್ಲೆ ಎಂದರೂ ಬಿಡದೆ ಕಾಲೇಜಿನವರು ರೇಮಂಡರನ್ನು ಒಪ್ಪಿಸಿದ್ದರು. ನಾನೂ ಗ್ಲೆನಿಟಾಳೂ ಎದುರಿನ ಸಾಲಿನಲ್ಲಿ ಕುಳಿತೆವು. ನಿವೃತ್ತ ಉಪನ್ಯಾಸಕ ಚಿತ್ತರಂಜನರು ಮೊದಲು ಮಾತಾಡಿದರು. ಕಲ್ಲಿದ್ದಲಿನ ಹೊಗೆ ಬೇಡ, ಹಾಗಾಗಿ ಅಣುವಿದ್ಯುತ್ತನ್ನು ಪೂರ್ತಿ ಬೇಡವೆನ್ನಲಾರೆ. ಆದರೆ ಉರಿದ ಇಂಧನವನ್ನು ಕರಗಿಸಿ ಬಳಸುವುದು ದುಬಾರಿಯ, ಗೋಜಲಿನ ಕೆಲಸ, ಅದರ ಬದಲು ಇದ್ದ ಹಾಗೆಯೇ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬಂಡೆಯ ಆಳದಲ್ಲಿ ಹೂಳುವುದು ಮೇಲು ಎಂದರು. ಒಳ್ಳೆಯ ಮಾತು, ನನಗೂ ಅರ್ಥವಾಯಿತು.

ರೇಮಂಡ್ ಎದ್ದು ನಿಂತರು. "ಹೂಳಿದರೆ ಅದರೊಳಗಿನ ಇಂಧನವನ್ನೂ ಹೂಳಿದ ಹಾಗೆ. ಕರಗಿಸಿದರೆ ಕಸ ಕಡಿಮೆಯಾಗ್ತದೆ, ಆದ್ರೆ ಪೂರ್ತಿ ಇಲ್ಲದಾಗುವುದಿಲ್ಲ. ಉಳಿದ ವಿಷವನ್ನು ಗಾಜಿನಲ್ಲಿ ಬೆರೆಸಿ ಗಟ್ಟಿ ಮಾಡಿ ಇಡ್ಬೇಕು. ಯಾವ ದಾರಿ ಹಿಡಿದರೂ ನೋಡಿಕೊಳ್ಳುವವರು ಬೇಕು" ಎಂದು ಹೇಳಿ ನೀರು ಕುಡಿದರು. ಸೇಲ್ಸ್‌ಮನ್ ಆಗಿದ್ದರೆ ನಮ್ಮವರು ಉಪವಾಸ ಸಾಯುತ್ತಿದ್ದರು.

ಆಗ ಟಾನ್ಯಾ ಎಂಬ ವಿದ್ಯಾರ್ಥಿನಿ ಮೈಕ್ ತೆಗೆದುಕೊಂಡು ಕೇಳಿದಳು: "ಅಂಕಲ್, ನಿಮ್ಮ ಮಗಳನ್ನು ಈ ಕೆಲಸಕ್ಕೆ ಕಳಿಸ್ತೀರಾ?"

ಇವರದ್ದೊಂದು ಅಭ್ಯಾಸ ಹೇಳಬೇಕು. ಸ್ಥಾವರಕ್ಕೆ ತಪಾಸಣೆಯವರು ಬಂದಾಗ ಕೇಳಿದ್ದಕ್ಕೆ ಮಾತ್ರ ಉತ್ತರ. ಉಂಟಾದರೆ ಉಂಟು, ಇಲ್ಲವಾದರೆ ಇಲ್ಲ, ಕತೆ ಕಟ್ಟುವಂತಿಲ್ಲ. ಆ ಬುದ್ಧಿ ರಕ್ತಕ್ಕೇ ಇಳಿದುಬಿಟ್ಟಿದೆ. ಮನೆಯಲ್ಲಿ "ಮೀನು ಹೇಗಾಗಿದೆ?" ಎಂದರೆ "ಉಪ್ಪು ಹೆಚ್ಚು". ಅಲ್ಲಿಗೆ ಮುಗಿಯಿತು.

"ಇಲ್ಲ" ಎಂದು ಹೇಳಿ ರೇಮಂಡ್ ಕುಳಿತರು.

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹಿಂದಿನಿಂದ ಯಾರೋ ಸೀಟಿ ಹೊಡೆದರು. "ಧೈರ್ಯದ ಮಾತು" ಎಂದು ಚಿತ್ತರಂಜನರು ಕೈ ಕುಲುಕಿದರು. ತಾನು ಎಂತ ಹೇಳಿದೆ, ಇವರೆಲ್ಲ ಯಾಕೆ ತಟ್ಟುತ್ತಿದ್ದಾರೆ ಎಂದು ತಿಳಿಯದೆ ರೇಮಂಡ್ ಕಣ್ಣು ಪಿಳಿಪಿಳಿ ಬಿಟ್ಟರು. ನನಗಾದ ಖುಷಿ ಹೇಳಿ ಪ್ರಯೋಜನವಿಲ್ಲ, ಪ್ರಾರ್ಥನೆ ಇಷ್ಟು ಬೇಗ ಫಲಿಸಿದ್ದು ನನ್ನ ಜನ್ಮದಲ್ಲಿ ಇಲ್ಲ. ಪಕ್ಕಕ್ಕೆ ತಿರುಗಿದೆ. ಗ್ಲೆನಿಟಾ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

ರಿಕ್ಷಾದಲ್ಲಿ ಮನೆಗೆ ಬಂದು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದೆ. ಮೊದಲ ತುತ್ತಿಗೇ ಗ್ಲೆನಿಟಾ ಕೆಲಸ ಸಿಕ್ಕಿದ ವಿಷಯ ಹೇಳಿಬಿಟ್ಟಳು.

ರೇಮಂಡರ ಕೈ ತಟ್ಟೆಯಲ್ಲೇ ನಿಂತಿತು. ಹಿಡಿದ ತುತ್ತು ಬಿಟ್ಟು ಹೇಳಿದರು: "ನಾನು ಹೆದರಿ ಹೇಳಿದ್ದಲ್ಲ ಬಾಯೆ. ಅಷ್ಟು ವರ್ಷ ಕೊಳದ ಬದಿಯಲ್ಲಿ ನಿಂತೆ, ನನಗೆ ಎಂತದೂ ಆಗ್ಲಿಲ್ಲ. ಸುಸ್ತಾಗಿ ಹೇಳಿದ್ದು. ಅದು ಮುಗಿಯುವ ಕೆಲಸ ಅಲ್ಲ. ಕರಗಿಸ್ಲಿಕ್ಕೆ ಆ ಕಟ್ಟುಗಳನ್ನು ಇವತ್ತು ಕೊಂಡುಹೋಗ್ತಾರೆ, ನಾಳೆ ಕೊಂಡುಹೋಗ್ತಾರೆ ಅಂತ ಕಾದೇ ನನ್ನ ಪ್ರಾಯ ಹೋಯ್ತು. ನೀನು ನಡೆಯಲಿಕ್ಕೆ ಕಲಿತದ್ದನ್ನೂ ನಾನು ನೋಡ್ಲಿಲ್ಲ. ನಿನಗೆ ಅದು ಬೇಡ."

"ಕೇಳಿದಿಯಾ? ಪಪ್ಪನೇ ಹೇಳ್ತಿದ್ದಾರೆ" ಎಂದು ನಾನು ಬಾಯಿ ಹಾಕಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. "ಪಪ್ಪಾ, ನಿಮ್ಮ ಪಾಳಿ ಮುಗಿದ ಮೇಲೆ ರಿಲೀವರ್ ಬರದಿದ್ರೆ ಎಂತ ಮಾಡ್ತಿದ್ದಿರಿ?"

"ಎಂತ ಮಾಡುವುದು? ನಿಲ್ಲುವುದು. ಇನ್ನೊಬ್ಬ ಬಂದು ಎಲ್ಲ ಕೇಳಿಕೊಂಡು ವಹಿಸಿಕೊಳ್ಳುವವರೆಗೆ ಕದಲ್ಲಿಕ್ಕಿಲ್ಲ."

"ಕಡೆಗೆ ಯಾರಿಗೆ ವಹಿಸಿ ಬಂದಿರಿ? ಬೇರೆಯವರ ಮಕ್ಕಳಿಗೆ ಅಲ್ವಾ? ಅವರು ಅಲ್ಲಿ ನಿಲ್ಲಬಹುದು, ನಿಮ್ಮ ಮಗಳು ನಿಲ್ಲಬಾರದಾ?"

ರೇಮಂಡ್ ನನ್ನ ಮುಖ ನೋಡಿದರು. "ವೆರೋನಿಕಾ, ನೀನು ಹೇಳು."

ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದು ಹೇಳಿದ್ದರೆ ಅವರೂ ಬೇಡವೆನ್ನುತ್ತಿದ್ದರು, ಮಗಳು ಉಳಿಯುತ್ತಿದ್ದಳು. ಆದರೆ ವಾರ್ಡಿನಲ್ಲಿ ನಮ್ಮ ಕಾನೂನೂ ಅದೇ ಅಲ್ಲವಾ? ಮುಂದಿನ ಪಾಳಿಯ ಹುಡುಗಿ ಬಂದು ಒಬ್ಬೊಬ್ಬ ರೋಗಿಯ ವಿಷಯ ಕೇಳಿಕೊಳ್ಳದೆ ನಾವು ಹೊರಡುವಂತಿಲ್ಲ. ಮಳೆ, ಬಸ್ಸಿಲ್ಲ ಎಂದು ಅವಳು ತಡ ಮಾಡಿದಾಗ ನಾನು ಹಲ್ಲು ಕಚ್ಚಿ ಶಪಿಸಿದ್ದುಂಟು. ಇದೇ ಗ್ಲೆನಿಟಾ ಪಕ್ಕದ ಮನೆಯಲ್ಲಿ ಅಳುತ್ತ ಕಾದದ್ದುಂಟು. ರೋಗಿಯನ್ನು ಬಿಟ್ಟು ನಾನು ಯಾವತ್ತೂ ಬಂದದ್ದಿಲ್ಲ.

"ಹೋಗಲಿ ಬಿಡಿ" ಎಂದೆ. ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು.

ರೇಮಂಡ್ ತಲೆಯಾಡಿಸಿದರು. ಮಗಳ ತಲೆಯ ಮೇಲೆ ಎಡಗೈ ಇಟ್ಟರು.

"ಆಯ್ತು, ಹೋಗು. ಆದ್ರೆ ಒಂದು ಕೇಳ್ತೇನೆ. ನಾನು ನೀರಿಗೆ ಇಳಿಸಿದ್ದನ್ನು ನೀನು ಕರಗಿಸ್ತೀ. ಉಳಿದ ಗಾಜನ್ನು ಇನ್ನೂ ನೂರಾರು ವರ್ಷ ನೋಡಿಕೊಳ್ಬೇಕು. ನಿನಗೆ ರಿಲೀವರ್ ಯಾರು?"

ಗ್ಲೆನಿಟಾ ನನ್ನ ಕಡೆ ತಿರುಗಿದಳು. ಬೇಗ ಮದುವೆಯಾಗು, ಸಾಯುವ ಮೊದಲು ಮೊಮ್ಮಗುವನ್ನು ಎತ್ತಿ ಆಡಿಸಬೇಕು ಎಂದು ದಿನಾ ಅವಳ ತಲೆ ತಿನ್ನುವ ನಾನು ಆ ಹೊತ್ತು ಮೊಮ್ಮಗುವಿನ ಮಾತೆತ್ತಲಿಲ್ಲ. ಮುಂದಿನ ಪಾಳಿ ಅದರದ್ದೇ ಆದೀತು.