ತಿಳೀತು ಅನ್ನುವವರೆಗೆ ಇಳಿಯುವಂತಿಲ್ಲ

ಶಾಲೆಯ ಇತಿಹಾಸ ಬರೆದುಕೊಡಿ ಎಂದು ಹಳೆ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಭದ್ರಾವತಿಯ ನ್ಯೂ ಟೌನಿನಲ್ಲಿರುವ ಆ ಕನ್ನಡ ಮಾಧ್ಯಮದ ಗಂಡುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಅಲ್ಲಿ ಪಾಠ ಮಾಡಲು ಬಂದ ಮೊದಲ ಹೆಂಗಸೂ ನಾನೇ. "ಇಷ್ಟು ಜನ ಗಂಡು ಹುಡುಗರನ್ನ ಈಯಮ್ಮ ಹೇಗೆ ಸಂಭಾಳಿಸ್ತಾಳೋ" ಎಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ನಡೆದದ್ದು ನನ್ನ ಕಿವಿಗೂ ಬಿದ್ದಿತ್ತು. ಸಂಭಾಳಿಸಿದೆ. ತಲೆ ಬೆಳ್ಳಗಾದ ಎಷ್ಟೋ ಗಂಡಸರು ಇವತ್ತಿಗೂ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕೈಯಲ್ಲಿದ್ದ ಸಿಗರೇಟು ಕೆಳಗೆ ಹಾಕಿ ತುಳಿಯುತ್ತಾರೆ.

ಸಂಘದ ಅಧ್ಯಕ್ಷನೂ ನನ್ನ ಶಿಷ್ಯನೇ. ಈಗ ಶಿವಮೊಗ್ಗದಲ್ಲಿ ಕಟ್ಟಡಗಳ ಗುತ್ತಿಗೆ ಹಿಡಿಯುತ್ತಾನೆ, ಶಾಲೆಯ ಆಡಳಿತ ಮಂಡಳಿಯಲ್ಲೂ ಅವನ ಮಾತೇ ಮಾತು. ಅಲ್ಲೇ ವಿನೋಬನಗರದಲ್ಲಿರುವ ನನ್ನ ಮನೆಗೆ ಬಂದು, ಕಾಫಿ ಕುಡಿದು, ಇತಿಹಾಸದಲ್ಲಿ ಏನೇನು ಬರಬೇಕೆಂದು ಹೇಳತೊಡಗಿದ. ದಾನಿಗಳ ಪರಿಚಯ, ಉದ್ಘಾಟನೆಗೆ ಬಂದ ಮಂತ್ರಿಗಳು, ಒಳ್ಳೆಯ ಅಂಕ ತೆಗೆದ ಹುಡುಗರು. ಕೊನೆಯ ಅಧ್ಯಾಯಕ್ಕೆ ತಲೆಬರಹವನ್ನೂ ಅವನೇ ಯೋಚಿಸಿಕೊಂಡು ಬಂದಿದ್ದ: ಹೊಸ ಯುಗದತ್ತ.

"ಜೂನ್‌ನಿಂದ ಕನ್ನಡ ಸೆಕ್ಷನ್ ಇರಲ್ಲ ಮೇಡಂ. ಎಂಟನೇ ಕ್ಲಾಸಿಗೆ ಅಡ್ಮಿಷನ್ ನಿಲ್ಲಿಸಿ, ಪೂರ್ತಿ ಇಂಗ್ಲಿಷ್ ಮೀಡಿಯಂ ಮಾಡ್ತೀವಿ. ನೀವು ಅದನ್ನ ಸ್ವಲ್ಪ ಪಾಸಿಟಿವ್ ಆಗಿ ಬರೀಬೇಕು."

"ಅದಕ್ಕೆ ಇತಿಹಾಸ ಅನ್ನಲ್ಲ ಮಾರಾಯ, ವೈಕುಂಠ ಸಮಾರಾಧನೆ ಕಾರ್ಡು ಅಂತಾರೆ. ಅದನ್ನ ಪ್ರೆಸ್ಸಿನವರೇ ಮಾಡಿಕೊಡ್ತಾರೆ, ನಾನ್ಯಾಕೆ?"

ಅವನು ನಕ್ಕ. "ಮಕ್ಕಳೇ ಬರ್ತಿಲ್ಲ ಮೇಡಂ, ಏನ್ಮಾಡೋಣ? ಪೇರೆಂಟ್ಸ್ ಮೀಟಿಂಗ್ ಕರೀತೀವಿ. ಎಲ್ಲರೂ ಕೈ ಎತ್ತಿದ್ರೆ ನೀವೂ ಒಪ್ಪಬೇಕು."

ಕೈ ಎತ್ತಲಿ, ನೋಡೋಣ ಎಂದೆ. ಅವನು ಹೋದ ಮೇಲೆ ಸಿಟ್ಟಿನಲ್ಲೇ ಲೋಟ ತೊಳೆದಿಟ್ಟೆ. ಆ ಎಂಟನೇ ಕ್ಲಾಸಿನ ಬಾಗಿಲು ಒಂದು ವರ್ಷ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಇತಿಹಾಸವನ್ನು ನಾನು ದಾನಿಗಳಿಂದ ಶುರು ಮಾಡಲಿಲ್ಲ. ಶಾಲೆಯ ಜಗಲಿಗೆ ಹತ್ತುವ ಕಲ್ಲಿನ ಮೆಟ್ಟಿಲಿನಿಂದ ಶುರು ಮಾಡಿದೆ.

ಊರಿನ ಕಬ್ಬಿಣದ ಕಾರ್ಖಾನೆ ಹಗಲೂ ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಶಾಲೆ ಅದು. ಕ್ವಾರ್ಟರ್ಸಿನ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಅದರಾಚೆ ಉರ್ದು, ಎದುರು ಮನೆಯಲ್ಲಿ ಕನ್ನಡ. ಹುಡುಗಿಯರಿಗೆ ಮುಂದಿನ ರಸ್ತೆಯಲ್ಲಿ ಬೇರೆ ಶಾಲೆ ಇದ್ದುದರಿಂದ ಇದು ಗಂಡುಮಕ್ಕಳದ್ದಾಯಿತು. ತಗಡಿನ ಶೆಡ್ಡಿನಲ್ಲಿ ಪಾಠ ನಡೆಯುತ್ತಿತ್ತಂತೆ, ಮಳೆ ಬಂದರೆ ಮೇಷ್ಟ್ರು ಹೇಳಿದ್ದು ಮೇಷ್ಟ್ರಿಗೇ ಕೇಳಿಸುತ್ತಿರಲಿಲ್ಲವಂತೆ. ಮೊದಲ ಹೆಡ್‌ಮಾಸ್ಟರು ವೇದಪಾಠದ ಮನೆತನದಿಂದ ಬಂದವರು. ಕಚ್ಚೆ ಪಂಚೆ, ಕರಿ ಕೋಟು, ಮೂಗಿನ ತುದಿಯಲ್ಲೇ ಸಿಟ್ಟು. ನಾನು ಅವರನ್ನು ಕಂಡವಳಲ್ಲ. ನಾನು ಸೇರಿದಾಗ ಇದ್ದ ಹಿರಿಯ ಮೇಷ್ಟ್ರುಗಳು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಒಂದು ಶನಿವಾರ ಕುಲುಮೆಯಲ್ಲಿ ಕೆಲಸ ಮಾಡುವ ಅಪ್ಪನೊಬ್ಬ ಗೇಟಿನಲ್ಲಿ ನಿಂತು, ಒಳಗೆ ನೀವು ಏನು ಹೇಳಿಕೊಡುತ್ತೀರೋ ನಮಗೇನು ಗೊತ್ತು ಸ್ವಾಮಿ ಎಂದನಂತೆ. ಹೆಡ್‌ಮಾಸ್ಟರಿಗೆ ರೇಗಿತು. ಅವನ ಮಗನನ್ನು ಕ್ಲಾಸಿನಿಂದ ಹೊರಗೆ ಕರೆದು ಜಗಲಿಯ ಮೆಟ್ಟಿಲ ಮೇಲೆ ನಿಲ್ಲಿಸಿ, "ಈ ವಾರ ಕಲಿತದ್ದನ್ನ ನಿಮ್ಮಪ್ಪನಿಗೆ ಹೇಳು. ಅವರು ತಿಳೀತು ಅನ್ನೋವರೆಗೂ ಇಳೀಬೇಡ" ಎಂದರು. ಆ ಹುಡುಗ ಹೇಳಿದ, ಅಪ್ಪ ಕೇಳಿದ, ನಡುನಡುವೆ ಪ್ರಶ್ನೆ ಹಾಕಿದ, ಕೊನೆಗೆ ತಿಳೀತು ಎಂದ. ಸಿಟ್ಟಿನಲ್ಲಿ ಹುಟ್ಟಿದ ಈ ಪದ್ಧತಿ ಆಮೇಲೆ ನಿಲ್ಲಲೇ ಇಲ್ಲ. ಪ್ರತಿ ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಒಬ್ಬ ಹುಡುಗ ಮೆಟ್ಟಿಲು ಹತ್ತಬೇಕು. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು ಕೇಳಬಹುದು. ಊಟದ ಡಬ್ಬಿ ಹಿಡಿದು ಎರಡನೇ ಶಿಫ್ಟಿಗೆ ಹೊರಟವರು, ತರಕಾರಿ ಚೀಲ ಹೊತ್ತ ಹೆಂಗಸರು, ಸೈಕಲ್ಲಿನಿಂದ ಇಳಿಯದೆ ಒಂದು ಕಾಲೂರಿ ನಿಂತವರು. ಅವರಲ್ಲಿ ಒಬ್ಬರಾದರೂ "ತಿಳೀತು, ಇಳಿ" ಎನ್ನಬೇಕು. ಬಾಯಿಪಾಠ ಮಾಡಿ ಬಂದವನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ಕೆಲವರು ಬೆವರಿ, ತೊದಲಿ, ಕಣ್ಣಲ್ಲಿ ನೀರು ತಂದುಕೊಂಡದ್ದೂ ಉಂಟು. ಇದೆಲ್ಲ ಮಕ್ಕಳಿಗೆ ಕೊಡುವ ಹಿಂಸೆ ಎಂದು ಈಗಿನವರು ಹೇಳಬಹುದು. ಹೇಳಲಿ. ಓದು ಬಾರದ ಅಪ್ಪ ಅಮ್ಮಂದಿರು ಮೇಷ್ಟ್ರುಗಳ ಕೆಲಸವನ್ನು ತೂಗಿ ನೋಡುತ್ತಿದ್ದ ಇನ್ನೊಂದು ಶಾಲೆ ಇದ್ದರೆ ನನಗೆ ತೋರಿಸಲಿ.

ನನ್ನ ಕಾಲದಲ್ಲಿ ಘರ್ಷಣೆಯ ಪಾಠ ಹೇಳಲು ಒಬ್ಬ ತೆಳ್ಳನೆಯ ಹುಡುಗ ಮೆಟ್ಟಿಲು ಹತ್ತಿದ್ದ. ಕಾರ್ಖಾನೆಯ ಫಿಟ್ಟರೊಬ್ಬ ಅಡ್ಡ ಹಾಕಿ, "ಘರ್ಷಣೆ ಘರ್ಷಣೆ ಅಂತೀಯಲ್ಲ, ಅದು ಒಳ್ಳೇದೋ ಕೆಟ್ಟದ್ದೋ, ಒಂದು ಹೇಳು" ಎಂದ. ಹುಡುಗ ಒಂದು ಗಳಿಗೆ ಯೋಚಿಸಿ, "ನಿಮ್ಮ ಚಪ್ಪಲಿಗೆ ಒಳ್ಳೇದು, ನಿಮ್ಮ ಬೇರಿಂಗಿಗೆ ಕೆಟ್ಟದ್ದು" ಎಂದ. ಫಿಟ್ಟರ್ ಹೊಟ್ಟೆ ಹಿಡಿದು ನಕ್ಕು, ತಿಳೀತು ಇಳಿಯೋ ಎಂದು ಅವನನ್ನು ಎತ್ತಿಯೇ ಇಳಿಸಿದ. ಆ ತೆಳ್ಳನೆಯ ಹುಡುಗನೇ ಈಗಿನ ನಮ್ಮ ಅಧ್ಯಕ್ಷ.

ಪೋಷಕರ ಸಭೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಡೆಯಿತು. ಜಗಲಿಯ ಮೇಲೆ ಪರದೆ ಕಟ್ಟಿದ್ದರು, ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಮುಂದೆ ನಿಮ್ಮ ಮಕ್ಕಳಿಗೆ ಪಾಠ ಹೀಗೆ ಇರುತ್ತದೆ ಎಂದು ತೋರಿಸಲು ಶಿವಮೊಗ್ಗದಿಂದ ಒಬ್ಬ ಯುವ ಶಿಕ್ಷಕಿಯನ್ನು ಕರೆಸಿದ್ದರು. ಆಕೆ ಇಂಗ್ಲಿಷಿನಲ್ಲಿ ಪಾಠ ಮಾಡಿದಳು, ಅದೂ ಘರ್ಷಣೆಯದ್ದೇ. ಪರದೆಯ ಮೇಲೆ ಕಾರುಗಳು ಓಡಿದವು, ಚಕ್ರಗಳು ತಿರುಗಿದವು. ಪಾಪ, ಹುಡುಗಿ ಚೆನ್ನಾಗಿಯೇ ಮಾಡಿದಳು, ಅವಳನ್ನು ನಾನು ದೂರುವುದಿಲ್ಲ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?" ಎಂದ ಅಧ್ಯಕ್ಷ. ಯಾರೂ ಕೇಳಲಿಲ್ಲ. ಅವನ ಮುಖ ಅರಳಿತು. "ನೋಡಿ, ಎಷ್ಟು ಖುಷಿಯಾಗಿ ಕೇಳಿದ್ರಿ! ಹಾಗಾದ್ರೆ ಒಪ್ಪಿಗೆ ಇರೋರು ಕೈ ಎತ್ತಿ."

ಆ ಮೌನವನ್ನು ಖುಷಿ ಎಂದುಕೊಂಡನಲ್ಲ, ನನಗೆ ತಡೆಯಲಾಗಲಿಲ್ಲ. ಬೇರೆ ಯಾರೋ ಹಾಗಂದಿದ್ದರೆ ಬಿಡಬಹುದಿತ್ತು. ಆ ಅಂಗಳದಲ್ಲಿ ಜನ ಸುಮ್ಮನೆ ಕೂತರೆ ಅದರ ಅರ್ಥವೇನೆಂದು ಇವನಿಗೆ ಗೊತ್ತಿರಬೇಕಿತ್ತು. ನಾನು ಎದ್ದು ನಿಂತೆ.

"ಕೈ ಆಮೇಲೆ ಎತ್ತಿಸು. ಇಲ್ಲಿ ಇನ್ನೂ ಯಾರೂ ತಿಳೀತು ಅಂದಿಲ್ಲ."

"ಮೇಡಂ, ಅದೆಲ್ಲ ಹಳೇ ಕಾಲದ್ದು."

"ಹಳೇದಾದ್ರೆ ಬಿಡು, ಈಗ್ಲೇ ರದ್ದು ಮಾಡು. ಆದ್ರೆ ಅದನ್ನ ಆ ಮೆಟ್ಟಿಲ ಮೇಲೆ ನಿಂತು ಹೇಳು. ಪಾಠ ಮಾಡಿದ ಹುಡುಗಿಗೆ ಇಲ್ಲಿನ ಪದ್ಧತಿ ಗೊತ್ತಿಲ್ಲ, ನಿನಗೆ ಗೊತ್ತು."

ಅಲ್ಲಲ್ಲಿ ಕೂತಿದ್ದ ಹಳೆಯ ಹುಡುಗರು ನಕ್ಕರು. ಒಬ್ಬ, ಹತ್ತೋ ಮಾರಾಯ, ಮೇಡಂ ಬಿಡಲ್ಲ ಎಂದು ಕೂಗಿದ. ಅಧ್ಯಕ್ಷ ಹತ್ತಿದ. ಮೊದಲ ಪ್ರಶ್ನೆ ನಾನು ಕೇಳಬೇಕಾಗಿ ಬರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಪಕ್ಕದ ಜನ್ನಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವವಳು, ಮನೆಮಾತು ತಮಿಳು, ಮಗ ಏಳನೇ ಕ್ಲಾಸು ಮುಗಿಸಿದ್ದ.

"ನನಗೆ ತಿಳೀಲಿಲ್ಲ ಸಾರ್" ಎಂದಳು. "ಏನ್ ಪಾಠ ಅದು? ನೀವಾದ್ರೂ ಹೇಳಿ."

ಅವನು ಶುರು ಮಾಡಿದ. ಎರಡು ಮಾತಿಗೆ ಒಂದು ಇಂಗ್ಲಿಷ್ ಪದ ಅಡ್ಡ ಬಂತು. ಅದನ್ನು ದಾಟಲು ಹೋಗಿ ಇನ್ನೊಂದರಲ್ಲಿ ಸಿಕ್ಕಿಕೊಂಡ. ಒಂದು ಕಾಲದಲ್ಲಿ ಫಿಟ್ಟರನ್ನು ನಗಿಸಿದ ಬಾಯಿ ತಡವರಿಸಿತು. ಆಕೆ ತಲೆಯಾಡಿಸಿ, ಇಲ್ಲ ಸಾರ್, ತಿಳೀಲಿಲ್ಲ ಎಂದಳು. "ನನ್ನ ಮಗನೂ ಸಾಯಂಕಾಲ ಬಂದು ಹೀಗೇ ನಿಂತ್ರೆ, ಅವನಿಗೆ ಅರ್ಥ ಆಗಿದ್ಯೋ ಇಲ್ವೋ ನಾನು ಹೆಂಗೆ ಕಂಡುಹಿಡೀಲಿ?"

ಅವನು ನನ್ನ ಕಡೆ ನೋಡಿದ. ಅಯ್ಯೋ ಪಾಪ ಎಂದು ನನಗೆ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ, ಮೇ ಮುಗಿಯುವುದರೊಳಗೆ ಕ್ಲಾಸು ನಡೆಸುವಷ್ಟು ಹುಡುಗರು ಸೇರಿದರೆ ಕನ್ನಡ ಎಂಟನೇ ತರಗತಿ ಇರಲಿ, ಇಲ್ಲವಾದರೆ ಬೀಗ ಎಂದು ಮಂಡಳಿಯವರು ಹೇಳಿ ಸಭೆ ಮುಗಿಸಿದರು. ಆ ದಿನದ ಬಗ್ಗೆ ಇತಿಹಾಸದಲ್ಲಿ ಸೇರಿಸಲು ಸಂಘದಿಂದ ಒಂದು ವಾಕ್ಯ ಬಂತು: ಪೋಷಕರು ಮಂತ್ರಮುಗ್ಧರಾಗಿ ಆಲಿಸಿದರು. ನಾನು ಅದನ್ನು ಹೊಡೆದು ಹಾಕಿ, ಪೋಷಕರಿಗೆ ತಿಳಿಯಲಿಲ್ಲ ಎಂದು ಬರೆದೆ.

ಗೆದ್ದೆ ಎಂದುಕೊಂಡು ಜನ್ನಾಪುರಕ್ಕೆ ಹೋದೆ. ಬೇರೆ ಯಾರ ಮನೆಗಿಂತ ಮೊದಲು ಆ ಗಿರಣಿಗೇ ಹೋದೆ. ಅವಳ ಮಗನ ಹೆಸರೇ ಮೊದಲು ಬರಲಿ ಎಂಬ ಆಸೆ. ಆಕೆ ಕಣ್ಣರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿದ್ದರೂ ಒರೆಸಿಕೊಳ್ಳದೆ ಮಿಷನ್ ನಿಲ್ಲಿಸಿ ನನಗೆ ಸ್ಟೂಲು ಹಾಕಿದಳು. ನಾನು ಬಂದ ವಿಷಯ ಹೇಳಿದೆ.

"ಇಲ್ಲ ಮೇಡಂ. ಅವನನ್ನ ಇಂಗ್ಲಿಷಿಗೇ ಹಾಕ್ತೀನಿ."

ನನ್ನ ಮೈಯೆಲ್ಲ ಉರಿಯಿತು. "ಅಷ್ಟು ಜನರ ಮುಂದೆ ಎದ್ದು ಮಾತಾಡಿದವಳು ಈಗ ಹೀಗಂತೀಯಲ್ಲ ಮಾರಾಯ್ತಿ!"

"ತಿಳೀಲಿಲ್ಲ, ಅದಕ್ಕೇ ತಿಳೀಲಿಲ್ಲ ಅಂದೆ. ಅಷ್ಟಕ್ಕೇ ನಿಮ್ಮ ಪಾರ್ಟಿಗೆ ಸೇರಿದೆ ಅಂದ್ಕೊಂಡ್ರಾ?" ಅವಳ ದನಿಯೂ ಏರಿತು. "ನಮ್ಮನೇಲಿ ತಮಿಳು. ನಿಮ್ಮ ಕನ್ನಡ ನಾನು ಈ ಗಿರಣಿ ಬಾಗಿಲಲ್ಲಿ ನಿಂತು ಕಲ್ತಿದ್ದು. ನನ್ನ ಮಗ ಕನ್ನಡದಲ್ಲಿ ಚೆನ್ನಾಗಿ ಓದ್ತಾನೆ, ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತಾನೆ, ಅದೂ ಗೊತ್ತು. ಆದ್ರೆ ನಾಳೆ ಕಾಲೇಜಿಗೆ ಹೋಗಿ, ಇಂಗ್ಲಿಷ್ ಬರ್ದೆ ಬಾಯಿ ಮುಚ್ಕೊಂಡು ಕೂತ್ರೆ ಯಾರು ಸಹಾಯಕ್ಕೆ ಬರ್ತಾರೆ? ನಿಮ್ಮ ಸ್ಕೂಲ್ ಉಳಿಸ್ಕೊಳ್ಳೋಕೆ ನನ್ನ ಮಗನ್ನ ಯಾಕೆ ಅಡ ಇಡ್ಲಿ, ಹೇಳಿ."

ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಎಸ್ಸಿ ಮೊದಲ ವರ್ಷ ನಾನೇ ಹಾಗೆ ಕೂತಿದ್ದವಳು. ಉತ್ತರ ತಲೆಯಲ್ಲಿ ಸ್ಪಷ್ಟವಾಗಿರುತ್ತಿತ್ತು, ಇಂಗ್ಲಿಷ್ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ನನಗಿಂತ ದಡ್ಡರು ಎದ್ದು ನಿಂತು ಪಟಪಟನೆ ಹೇಳುವುದನ್ನು ಕೇಳುತ್ತ ಕೂತ ಆ ಅವಮಾನ ಈಗ ನೆನೆದರೂ ಮುಖ ಬಿಸಿಯಾಗುತ್ತದೆ. ಆಮೇಲೆ ಹಟ ಹಿಡಿದು ಕಲಿತೆ, ರೂಮಿನಲ್ಲಿ ಒಬ್ಬಳೇ ಗೋಡೆಗೆ ಹೇಳಿ ಹೇಳಿ ಕಲಿತೆ. ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪೀರಿಯಡ್ಡೆಂದರೆ ಗೈಡು ನೋಡಿ ಉತ್ತರ ಬರೆದುಕೊಳ್ಳುವುದು, ಇವತ್ತಿಗೂ ಅಷ್ಟೇ. ಅಲ್ಲಿಂದ ಹೊರಬಿದ್ದ ಹುಡುಗರೆಲ್ಲ ನನ್ನ ಹಾಗೆ ಗೋಡೆಗೆ ಹೇಳಿಕೊಂಡು ಕಲಿಯಬೇಕೇ?

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ವಿಜ್ಞಾನ, ಲೆಕ್ಕ ಕನ್ನಡದಲ್ಲೇ ಕಲೀಲಿ, ನನಗೂ ಅದೇ ಒಳ್ಳೇದು. ಇಂಗ್ಲಿಷ್ ಮಾತಾಡೋದನ್ನ ನೀವು ಕಲಿಸ್ತೀರಾ? ಕಲಿಸ್ತೀನಿ ಅಂದ್ರೆ ನಾಳೆನೇ ಬಂದು ಸೇರಿಸ್ತೀನಿ, ನಮ್ಮ ಬೀದಿಯೋರನ್ನೂ ಕರ್ಕೊಂಡು ಬರ್ತೀನಿ. ಆಗಲ್ಲ ಅಂದ್ರೆ ಹೇಳ್ಬಿಡಿ ಮೇಡಂ, ರಾಗಿ ಹಾಕಿಸೋರು ಕಾಯ್ತಿದ್ದಾರೆ."

"ನಾನು ರಿಟೈರ್ ಆಗಿದೀನಲ್ಲಮ್ಮ."

"ಜಗಳ ಆಡೋಕೆ ರಿಟೈರ್ ಆಗಿಲ್ಲ, ಕಲಿಸೋಕೆ ಆಗಿದೀರಾ?"

ನನಗೆ ನಗು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಬೇರೆಯವರನ್ನು ನಾನು ಹೀಗೆ ಕಟ್ಟಿಹಾಕುತ್ತಿದ್ದೆ, ನನ್ನನ್ನು ಕಟ್ಟಿಹಾಕಿದವಳು ಇವಳೊಬ್ಬಳೇ. ಕಲಿಸ್ತೀನಿ ಎಂದೆ. ಆಕೆ ಮಿಷನ್ ಸ್ವಿಚ್ ಹಾಕಿದಳು.

ಮಾತಿಗೆ ತಪ್ಪಲಿಲ್ಲ ಆ ಹೆಂಗಸು. ಮಾರನೆಯ ದಿನ ಮಗನನ್ನು ಕರೆದುಕೊಂಡು ಬಂದಳು, ಹಿಂದೆ ಬೀದಿಯ ತಾಯಂದಿರು. ಉಳಿದ ಮನೆಗಳಿಗೆ ನಾನು ಹೋದಾಗಲೂ ಕನ್ನಡದ ಮಹಿಮೆ ಹೇಳಲಿಲ್ಲ. ಇಂಗ್ಲಿಷ್ ನಾನು ಕಲಿಸುತ್ತೇನೆ, ಪಾಠ ನಿಮಗೆ ತಿಳಿಯುವ ಭಾಷೆಯಲ್ಲಿರುತ್ತದೆ ಎಂದಷ್ಟೇ ಹೇಳಿದೆ. ನನ್ನ ಮಗಳು ಫೋನು ಮಾಡಿ, ಮಂಡಿನೋವು ಇಟ್ಟುಕೊಂಡು ದಿನಾ ಭದ್ರಾವತಿ ಬಸ್ಸು ಹತ್ತುವ ಹುಚ್ಚು ಯಾಕಮ್ಮ ಎಂದು ಬೈದಳು. ಹುಚ್ಚೇ ಇರಲಿ ಎಂದೆ. ಮುಚ್ಚಿದ ಬಾಗಿಲನ್ನು ವಿನೋಬನಗರದಲ್ಲಿ ಕೂತು ನೆನೆಸಿಕೊಂಡು ಅಳುವವಳು ನಾನಲ್ಲ.

ಜೂನ್‌ನಲ್ಲಿ ಕನ್ನಡ ಎಂಟನೇ ತರಗತಿ ತೆರೆಯಿತು. ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ವಿಭಾಗವೂ ತೆರೆಯಿತು, ಅಲ್ಲಿ ಹುಡುಗರು ನಮಗಿಂತ ಹೆಚ್ಚು. ಇರಲಿ. ನಮ್ಮ ಕೋಣೆಯ ಹುಡುಗರು ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಎದ್ದು ನಿಂತು ತಪ್ಪು ತಪ್ಪು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾರೆ. ಯಾರಾದರೂ ನಕ್ಕರೆ ನಕ್ಕವನಿಗೇ ಮುಂದಿನ ಸರದಿ. ಪಕ್ಕದ ಕೋಣೆಯವರಿಗೆ ಈ ಗದ್ದಲದಿಂದ ತೊಂದರೆಯಾಗುತ್ತಿದೆ ಎಂದು ದೂರು ಬಂದಿದೆಯಂತೆ. ದನಿ ತಗ್ಗಿಸಿ ಎಂದು ನಾನು ಹುಡುಗರಿಗೆ ಹೇಳಿಲ್ಲ.

ಮೊನ್ನೆ ಅಧ್ಯಕ್ಷ ಅಚ್ಚಿಗೆ ಹೋಗುವ ಪ್ರತಿ ಹಿಡಿದು ಕ್ಲಾಸಿನ ಬಾಗಿಲಿಗೇ ಬಂದ. ಪೋಷಕರಿಗೆ ತಿಳಿಯಲಿಲ್ಲ ಎಂಬ ವಾಕ್ಯ ಹಾಗೆಯೇ ಇತ್ತು. ಅದನ್ನು ಅವನು ತೆಗೆಸಿರಲಿಲ್ಲ, ಅಷ್ಟು ಮರ್ಯಾದೆ ಅವನಲ್ಲಿ ಉಳಿದಿತ್ತು. ಲೇಖಕಿಯ ಪರಿಚಯ ಎಂಬಲ್ಲಿ ಮಾತ್ರ ಜಾಗ ಖಾಲಿ ಬಿಟ್ಟಿದ್ದರು.

"ನಿಮ್ಮನ್ನ ಏನಂತ ಹಾಕ್ಲಿ ಮೇಡಂ? ನಿವೃತ್ತ ವಿಜ್ಞಾನ ಶಿಕ್ಷಕಿ ಅಂತ ಹಾಕ್ಲಾ?"

ಹಿಂದೆ ಹುಡುಗರು ಗಲಾಟೆ ಶುರು ಮಾಡಿದ್ದರು. "ನಿವೃತ್ತ ಅನ್ನೋದನ್ನ ಹೊಡೆದು ಹಾಕು" ಎಂದೆ. "ಕನ್ನಡ ಸೆಕ್ಷನ್ನಿಗೆ ಇಂಗ್ಲಿಷ್ ಟೀಚರ್ ಅಂತ ಬರಿ. ಈಗ ಹೊರಡು, ನನಗೆ ಕ್ಲಾಸಿದೆ."