ಜೆಟ್ಟಿನೊಳಗಿನ ತಾಮ್ರದ ಎಳೆ

ಹಳೇ ಕಾರು ಇಟ್ಟುಕೊಂಡವರನ್ನು ಯಾರನ್ನೇ ಕೇಳಿದರೂ ಮೈಲೇಜ್ ಮೇಸ್ತ್ರಿಯ ತಗಡಿನ ಶೆಡ್ಡಿಗೆ ದಾರಿ ತೋರಿಸುತ್ತಿದ್ದರು. ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ತುಣುಕೊಂದಿದೆ, ಜೆಟ್ ಅನ್ನುತ್ತಾರೆ. ಅದರ ತೂತಿನಲ್ಲಿ ಸಾಸಿವೆ ಕಾಳೂ ತೂರುವುದಿಲ್ಲ. ಮೇಸ್ತ್ರಿ ವೈರಿನಿಂದ ಕೂದಲಿನಂಥ ಒಂದೇ ಒಂದು ತಾಮ್ರದ ಎಳೆ ಬಿಡಿಸಿ, ಆ ತೂತಿಗೆ ಪೋಣಿಸಿ, ಎರಡೂ ತುದಿ ಮಡಚಿಬಿಡುತ್ತಿದ್ದ. ಪೆಟ್ರೋಲು ಕಡಿಮೆ ಇಳಿಯುತ್ತಿತ್ತು, ಲೀಟರಿಗೆ ಎರಡು ಮೂರು ಕಿಲೋಮೀಟರು ಜಾಸ್ತಿ ಸಿಗುತ್ತಿತ್ತು. ಬೇರೆ ಮೆಕ್ಯಾನಿಕ್ಕುಗಳು ಹೊಟ್ಟೆ ಉರಿದುಕೊಂಡರು, ಕದ್ದು ನೋಡಿದರು, ನಕಲು ಮಾಡಿದರು. ಇವನಷ್ಟು ನಾಜೂಕಾಗಿ ಮಡಚಲು ಯಾರ ಕೈಗೂ ಬರಲಿಲ್ಲ. ಮೂವತ್ತೊಂದು ವರ್ಷ ಈ ಮನುಷ್ಯ ಆ ಒಂದು ಎಳೆಯ ಮೇಲೆ ಮೀಸೆ ತಿರುವಿಕೊಂಡು ಬದುಕಿದ.

ಒಂದು ಸೋಮವಾರ ಬೆಳಿಗ್ಗೆ ಮೇಸ್ತ್ರಿಯ ಅಕ್ಕನ ಗಂಡ ತನ್ನ ಕಾರನ್ನು ಅರ್ಧ ಓಡಿಸಿಕೊಂಡು ಅರ್ಧ ತಳ್ಳಿಸಿಕೊಂಡು ಬಂದ. ಅವನು ಡ್ರೈವಿಂಗ್ ಮಾಸ್ಟರ್. ಶಾಲೆ ಅಂದರೆ ಆ ಒಂದು ಕಾರೇ. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಗಂಡ ಹೆಂಡತಿ ಇಬ್ಬರ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ಅದು ನಿಂತರೆ ಬೇರೆ ದಿಕ್ಕಿರಲಿಲ್ಲ.

"ಏನ್ ಹೇಳ್ಲಪ್ಪ," ಅಂದ ಭಾವ, ಬೆವರು ಒರೆಸಿಕೊಳ್ಳುತ್ತಾ. "ಏರು ಬಂದ್ರೆ ಸಾಕು, ಗಾಡಿ ಕೂತ್ಬಿಡುತ್ತೆ. ಮೊದಲಿಂದಲೂ ಸ್ವಲ್ಪ ಏದುಸಿರು ಇತ್ತು ಬಿಡು. ಈಗ ಆಕ್ಸಲೇಟರ್ ಒತ್ತಿದ್ರೆ ಮುಂದೆ ಢಬ್ ಅನ್ನುತ್ತೆ, ಹಿಂದೆ ಢಮ್ ಅನ್ನುತ್ತೆ. ನಿನ್ನೆ ಕಲಿಯೋಕೆ ಬಂದ ಹೆಂಗಸು ಸ್ಟೀರಿಂಗ್ ಬಿಟ್ಟು ಎರಡೂ ಕಿವಿ ಮುಚ್ಕೊಂಡ್ಲು! ನಾನು ಬ್ರೇಕ್ ತುಳೀದೇ ಇದ್ದಿದ್ರೆ ಇಬ್ರೂ ಮೋರಿಯಲ್ಲಿ ಇರ್ತಿದ್ವಿ."

"ಎರಡು ದಿನ ಬಿಡು ಭಾವ. ಹೂವಿನ ಹಾಗೆ ಮಾಡ್ಕೊಡ್ತೀನಿ."

ಹೂವಂತೆ! ಎರಡು ದಿನ ಹೋಗಿ ನಾಲ್ಕಾಯಿತು. ಕಿಡಿ ಕೊಡುವ ಪಾಯಿಂಟ್ ಉಜ್ಜಿದ, ಕಂಡೆನ್ಸರ್ ಬದಲಾಯಿಸಿದ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿ ಕಿವಿಗೊಟ್ಟು ಕೇಳಿದ, ಈಚೆ ತಿರುಗಿಸಿ ಕೇಳಿದ. ಪೆಟ್ರೋಲ್ ಪಂಪು ಬಿಚ್ಚಿದ. ಎಲ್ಲೋ ಗಾಳಿ ಎಳೆಯುತ್ತಿದೆ ಅಂದುಕೊಂಡು ಗ್ಯಾಸ್ಕೆಟ್ ಹೊಸದು ಕತ್ತರಿಸಿ ಕೂರಿಸಿದ. ಕಾರ್ಬುರೇಟರನ್ನಂತೂ ಮೂರು ಸಲ ಬಿಚ್ಚಿ, ಒಂದೊಂದು ತೂತನ್ನೂ ಊದಿ ನೋಡಿದ. ಆ ಮೂರೂ ಸಲ, ತಾನೇ ಹಿಂದೆ ಹಾಕಿದ್ದ ಜೆಟ್ಟಿನ ಎಳೆಯನ್ನು ಹೊರಗೆ ತೆಗೆದು, ಪೆಟ್ರೋಲಿನಲ್ಲಿ ತೊಳೆದು, ಭದ್ರವಾಗಿ ವಾಪಸ್ಸು ಪೋಣಿಸಿದ. ಕಾರಿನಲ್ಲಿ ಅನುಮಾನಪಡದ ಜಾಗವೇ ಉಳಿಯಲಿಲ್ಲ. ಎಳೆಯ ಮೇಲೆ ಮಾತ್ರ ಅನುಮಾನ ಸುಳಿಯಲಿಲ್ಲ. ತನ್ನ ಕೈಬೆರಳಿನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ಐದನೇ ದಿನ ಬೇಸತ್ತು, ಅಟ್ಟದ ಮೇಲೆ ಬಿದ್ದಿದ್ದ ಅದೇ ಜಾತಿಯ ಇನ್ನೊಂದು ಕಾರ್ಬುರೇಟರನ್ನು ಇಳಿಸಿದ. ಎಂದೋ ಗುಜರಿಯವನು ಕೊಟ್ಟು ಹೋಗಿದ್ದು, ಇವನ ಕೈ ತಾಗದ್ದು. ಅದನ್ನು ಕೂರಿಸಿ ಗಾಡಿ ಶುರುಮಾಡಿ ಆಕ್ಸಲೇಟರ್ ಎಳೆದರೆ, ಮುಂದಿನ ಢಬ್ ನಿಂತೇ ಹೋಯಿತು. ಮೇಸ್ತ್ರಿ ಖುಷಿಪಡಲಿಲ್ಲ. ಎರಡೂ ಕಾರ್ಬುರೇಟರಿನ ಜೆಟ್ಟುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದ. ಅದೇ ನಂಬರು, ಅದೇ ಅಳತೆ. ವ್ಯತ್ಯಾಸ ಅಂದರೆ ಎಳೆ ಒಂದೇ.

ಹಿಂದಿನ ಢಮ್ ಮಾತ್ರ ಹೋಗಿರಲಿಲ್ಲ, ಏರಿಗೆ ದಮ್ಮೂ ಬಂದಿರಲಿಲ್ಲ. ಗೇಜು ಹಾಕಿ ಸಿಲಿಂಡರುಗಳ ಒತ್ತಡ, ಅಂದರೆ ಕಂಪ್ರೆಷನ್ ನೋಡಿದ. ಮೂರನೇ ಸಿಲಿಂಡರಿನಲ್ಲಿ ಮುಳ್ಳು ಮೇಲೇಳಲೇ ಇಲ್ಲ. ಮಧ್ಯಾಹ್ನದ ಊಟ ಬಿಟ್ಟು ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂತ ಹೆಡ್ಡು ಬಿಚ್ಚಿದ. ಹೊಗೆ ಹೋಗುವ ಕಡೆಯ ವಾಲ್ವಿನ ಅಂಚು ಇಲಿ ಕಡಿದ ಹಾಗೆ ಸುಟ್ಟು ಹೋಗಿತ್ತು. ಅದು ಕೂರುವ ಜಾಗದಿಂದ ಪಕ್ಕದ ವಾಲ್ವಿನವರೆಗೆ ಹೆಡ್ಡೇ ಬಿರುಕು ಬಿಟ್ಟಿತ್ತು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಉರಿ ಮಿತಿಮೀರುತ್ತದೆ, ವಾಲ್ವು ಸುಡುತ್ತದೆ. ಕೆಲಸ ಕಲಿಯುವ ಮೊದಲ ವರ್ಷದಲ್ಲೇ ಹೇಳಿಕೊಡುವ ಮಾತು ಇದು. ಪ್ಲಗ್ಗುಗಳು ನಾಲ್ಕೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು, ಅದೂ ಮಿತಿಮೀರಿದ ಉರಿಯದೇ ಗುರುತು. ಇಷ್ಟು ವರ್ಷ ಅಂಥ ಪ್ಲಗ್ಗು ಕಂಡಾಗಲೆಲ್ಲ ಅವನು ಗಿರಾಕಿಗೆ ಎತ್ತಿ ತೋರಿಸಿ, "ನೋಡಿ ಸಾರ್, ಎಷ್ಟು ಕ್ಲೀನಾಗಿ ಉರೀತಿದೆ!" ಅನ್ನುತ್ತಿದ್ದ.

ಅವನು ಹೆಡ್ಡಿನ ಪಕ್ಕದಲ್ಲೇ ನೆಲಕ್ಕೆ ಕುಕ್ಕರಿಸಿದ. ಬೇಡ ಅಂದರೂ ಒಂದೊಂದೇ ಗಾಡಿ ನೆನಪಿಗೆ ಬರತೊಡಗಿತು. ಡಾಕ್ಟರರ ಕಪ್ಪು ಕಾರು. ಪ್ರೆಸ್ಸಿನವನ ಹಸಿರು ಕಾರು. ಟೈಲರಮ್ಮನ ಗಂಡ ಮುದ್ದಿನಿಂದ ಒರೆಸುತ್ತಿದ್ದ ಆ ಸಣ್ಣ ಕಾರು. ಎಲ್ಲವೂ ನಾಲ್ಕೈದು ವರ್ಷ ಓಡಿ ದಮ್ಮು ಕಳೆದುಕೊಂಡಾಗ, "ಇಂಜಿನ್ನಿಗೆ ವಯಸ್ಸಾಯ್ತು ಸಾರ್, ಇನ್ನು ಆಗಲ್ಲ" ಎಂದು ತಲೆಯಾಡಿಸಿದವನು ಅವನೇ. ಅವರೆಲ್ಲ ಗುಜರಿಗೆ ಹಾಕಿ, ಪಾಪ, ಇವನಿಗೆ ಥ್ಯಾಂಕ್ಸ್ ಹೇಳಿ ಹೋದರು. ಥೂ, ಇದೂ ಒಂದು ಬದುಕೇ! ಮನೆ ಕೆಡವುವವನೂ ಹೇಳಿ ಕೆಡವುತ್ತಾನೆ.

ಸಂಜೆ ಭಾವ ಬಂದ. ಮೇಸ್ತ್ರಿ ಅಂಗೈ ಚಾಚಿ ವಾಲ್ವು ತೋರಿಸಿದ, ಎಳೆ ತೋರಿಸಿದ, ಯಾವುದರಿಂದ ಯಾವುದು ಸುಟ್ಟಿತು ಅಂತ ಮುಚ್ಚುಮರೆಯಿಲ್ಲದೆ ಹೇಳಿದ. ಬೈಯಲಿ, ಕಪಾಳಕ್ಕೆ ಎರಡು ಬಿಡಲಿ ಅಂತ ಕಾದ. ಭಾವ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹೆಡ್ಡು ಬೇರೆ ಸಿಗಲ್ವಾ?"

"ಈ ಮಾಡೆಲ್ ನಿಂತು ಇಪ್ಪತ್ತು ವರ್ಷ ಆಯ್ತು ಭಾವ. ಎಲ್ಲಾ ಗುಜರಿಯವರನ್ನೂ ಕೇಳಿದೆ. ಬೆಸುಗೆ ಹಾಕಿದ್ರೆ ನಿಲ್ಲಲ್ಲ."

"ನಾಳೆ ಗಾಡಿ ಬರುತ್ತೆ ಅಂದಿದ್ದೆ, ಏಳು ಗಂಟೆಗೆ ಕಲಿಯೋರು ಬಂದು ನಿಲ್ತಾರೆ," ಅಂದ ಭಾವ, ತನ್ನಷ್ಟಕ್ಕೇ. ಆಮೇಲೆ ದನಿ ತಗ್ಗಿಸಿದ. "ಎಳೆ ವಿಷಯ ನಿಮ್ಮಕ್ಕನಿಗೆ ಹೇಳ್ಬೇಡ. ನನ್ನ ಕೈಯಲ್ಲೇ ಕೆಟ್ಟೋಯ್ತು ಅಂದ್ಬಿಡ್ತೀನಿ. ನೀನಂದ್ರೆ ಪ್ರಾಣ ಅವಳಿಗೆ."

ಆದರೆ ಅಕ್ಕ ಅಷ್ಟು ಹೊತ್ತಿಗಾಗಲೇ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು, ಗಂಡ ಬರುವುದು ತಡವಾಯಿತೆಂದು ಹುಡುಕಿಕೊಂಡು ಬಂದವಳು. ಎಷ್ಟು ಕೇಳಿಸಿಕೊಂಡಿದ್ದಳೋ. "ಏನೋ ಅದು, ನನಗೆ ಹೇಳಬಾರದ್ದು?" ಅಂದಳು.

ಮೇಸ್ತ್ರಿ ಅವಳಿಗೂ ಎಲ್ಲವನ್ನೂ ಹೇಳಿದ. ಇನ್ನೊಬ್ಬರ ತಲೆಗೆ ಕಟ್ಟುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಅಕ್ಕ ಕಾರಿನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ.

"ಹಾಗಾದ್ರೆ ಅಪ್ಪನ ವ್ಯಾನು?"

ಅಪ್ಪ ಬ್ರೆಡ್ಡು ಹಂಚುವ ವ್ಯಾನು ಓಡಿಸುತ್ತಿದ್ದ. ಎರಡೇ ವರ್ಷದಲ್ಲಿ ಅದು ಏರು ಹತ್ತದಾಯಿತು. ಮಾರಿಬಿಟ್ಟು ಮನೆಯಲ್ಲಿ ಕೂತವನು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. "ನನಗೆ ಓಡಿಸೋಕೆ ಬರಲಿಲ್ಲ, ನಾನೇ ಹಾಳು ಮಾಡಿದೆ" ಅಂತ ಕೊರಗುತ್ತಾ ಹಾಸಿಗೆ ಹಿಡಿದ.

"ಎಳೆ ಮೊದಲು ಹಾಕಿದ್ದೇ ಅದಕ್ಕೆ ಕಣಕ್ಕ," ಅಂದ ಮೇಸ್ತ್ರಿ.

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕೊನೇ ದಿನ ಕೂಡ ಕೇಳಿದ್ರು ಕಣೋ, 'ನಾನು ಅಷ್ಟು ಕೆಟ್ಟದಾಗಿ ಓಡಿಸ್ತಿದ್ನೇನಮ್ಮ' ಅಂತ," ಅಂದಳು. "ದಿನಾ ಅದೇ ಮಾತು ಕೇಳಿ ಕೇಳಿ ಸಾಕಾಗಿತ್ತು. ನಾನು ಹೂಂ ಅಂದ್ಬಿಟ್ಟೆ."